ಲೆಕ್ಕಕ್ಕೆ ಬಾರದ ರೊಟ್ಟಿ

ನಮ್ಮ ಕಡೆಯ ಖಾನಾವಳಿಗಳಲ್ಲಿ ಒಂದು ಪದ್ಧತಿಯಿದೆ. ಒಂದು ಊಟಕ್ಕೆ ಇಷ್ಟು ಎಂದು ದರ ಗೊತ್ತು ಮಾಡಿರುತ್ತಾರೆ. ಆ ದರದಲ್ಲಿ ಎರಡು ಜೋಳದ ರೊಟ್ಟಿ, ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಹಿಂಡಿ, ಮೊಸರು, ಅನ್ನ, ಸಾರು. ಪಲ್ಯ, ಸಾರು ಎಷ್ಟು ಸಲ ಕೇಳಿದರೂ ಬೇಸರಪಡದೆ ಬಡಿಸುತ್ತಾರೆ. ರೊಟ್ಟಿ ಮಾತ್ರ ಎರಡರ ಮೇಲೆ ಹಾಕಿಸಿಕೊಂಡರೆ ಅದಕ್ಕೆ ಬೇರೆ ಹಣ. ಉಂಡು ಕೈತೊಳೆದು ಗಲ್ಲಾದ ಮುಂದೆ ನಿಂತಾಗ ಅಲ್ಲಿ ಕುಳಿತವರು ಕೇಳುವುದು ಒಂದೇ ಮಾತು: "ಎಷ್ಟು ರೊಟ್ಟಿ?"

ಉಂಡವರೇ ಹೇಳಬೇಕು. "ಒಂದು ಹೆಚ್ಚಿಗಿ" ಎಂದರೆ ಒಂದರ ಹಣ. "ಏನಿಲ್ಲ" ಎಂದರೆ ಏನಿಲ್ಲ. ಗದ್ದಲ ಹೆಚ್ಚಿದ್ದಾಗ ಬಡಿಸುವ ಹುಡುಗ ಒಳಗಿನಿಂದಲೇ "ಬಿಳೇ ಅಂಗಿ, ಎರಡು ಹೆಚ್ಚಿಗಿ" ಎಂದು ಕೂಗುವುದೂ ಉಂಟು. ಆದರೂ ಕೊನೆಯ ಮಾತು ಉಂಡವರದೇ. ಕೊಂಡವರ ಬಾಯಿಂದಲೇ ಬಿಲ್ಲು ಹುಟ್ಟುವ ಇಂಥ ವ್ಯಾಪಾರ ಬೇರೆ ಯಾವುದಿದೆ ಹೇಳಿ? ಸೀರೆ ಅಂಗಡಿಯಲ್ಲಿ ನಿಂತು "ನಾನು ಒಯ್ದದ್ದು ಮೂರೇ" ಎಂದರೆ ಯಾರಾದರೂ ಕೇಳಿಯಾರೆ?

ಇಂಥ ಜಾಗಕ್ಕೂ ಈಗ ಬಿಲ್ಲಿನ ಮಷೀನು ಬರುತ್ತಿದೆ. ಅದು ಬರಬಾರದು ಎಂದು ಹೇಳುವವಳಲ್ಲ ನಾನು. ಕಟ್ಟಿಗೆ ಒಲೆಯ ಜಾಗಕ್ಕೆ ಗ್ಯಾಸು ಬಂದಾಗ, ಒರಳುಕಲ್ಲಿನ ಜಾಗಕ್ಕೆ ಮಿಕ್ಸಿ ಬಂದಾಗ ಅತ್ತವರು ಬಹಳ ಜನ ಗಂಡಸರು. ರುಬ್ಬಿದ ಕೈಗಳು ಅಳಲಿಲ್ಲ. ಆದರೆ ಮಿಕ್ಸಿ ಕೊಳ್ಳುವಾಗ ಕೇಳಬೇಕಾಗಿರದ ಒಂದು ಪ್ರಶ್ನೆಯನ್ನು ಈ ಮಷೀನು ಕೇಳಿಸುತ್ತದೆ. ನಾವು ಮಾಡುವುದರಲ್ಲಿ ಯಾವುದು ಲೆಕ್ಕಕ್ಕೆ ಸೇರಬೇಕು, ಯಾವುದು ಲೆಕ್ಕದ ಹೊರಗೆ ಉಳಿಯಬೇಕು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಹಾನಗಲ್ಲಿನಲ್ಲಿ ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು. ಓಣಿಯವರೆಲ್ಲ ಅವರನ್ನು ಖಾನಾವಳಿ ಅವ್ವ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಎಂಟು ಮೇಜುಗಳ ಆ ಖಾನಾವಳಿಯನ್ನು ಒಬ್ಬರೇ ನಡೆಸಿಕೊಂಡು ಬಂದವರು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಮಗ ಮಷೀನು ತೆಗೆದುಕೊಳ್ಳಲೇಬೇಕೆಂದು ಹಟ ಹಿಡಿದಿದ್ದ. ಮಾರುವವರು ಕೊಟ್ಟುಹೋದ ಮೂರು ಕಾಗದಗಳೂ ಇಂಗ್ಲಿಷಿನಲ್ಲಿದ್ದವು. ಟೀಚರಿಗೆ ಇಂಗ್ಲಿಷು ಬರುತ್ತದೆ ಎಂದು ನನ್ನ ಹತ್ತಿರ ತಂದರು. ನಾನು ಒಂದೊಂದನ್ನೇ ಓದಿ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ ಪ್ರಶ್ನೆ ಒಂದೇ.

"ಎಲ್ಲಾ ಛಲೋ ಐತ್ರಿ ಅಕ್ಕಾರ. ಆದ್ರ ಹಂಗ ಕೊಟ್ಟ ರೊಟ್ಟಿ ಇದ್ರಾಗ ಎಲ್ಲಿ ಬರಿಬೇಕ್ರಿ?"

ಹಂಗ ಕೊಟ್ಟ ರೊಟ್ಟಿ, ಅಂದರೆ ಹಣ ತೆಗೆದುಕೊಳ್ಳದೆ ಕೊಟ್ಟದ್ದು. ತಾಲ್ಲೂಕಿನ ಆಸ್ಪತ್ರೆಗೆ ಮಗಳನ್ನು ಹೆರಿಗೆಗೆ ಕರೆತಂದು ಕೈಯಲ್ಲಿದ್ದ ದುಡ್ಡು ಮುಗಿಸಿಕೊಂಡ ತಾಯಿಗೆ, ಸಂತೆಗೆ ಬಂದು ಮಾಲು ಮಾರದೆ ಹಿಂತಿರುಗುವ ಮುದುಕನಿಗೆ, ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೆ ಏನೂ ತಿನ್ನದೆ ಬಂದ ಹುಡುಗಿಗೆ. ಇದನ್ನು ಅವರು ದಾನ ಎಂದುಕೊಂಡವರಲ್ಲ. ಒಲೆ ಹತ್ತಿಸಿದ ಮೇಲೆ ಹೊಗೆ ಬರುವಷ್ಟೇ ಸಹಜವಾಗಿ ಇದೂ ನಡೆದುಕೊಂಡು ಬಂದಿತ್ತು.

ಆ ಮೂರು ಕಾಗದಗಳಲ್ಲಿ ಏನಿತ್ತೆಂದು ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ರೊಟ್ಟಿ ಕೇಂದ್ರವನ್ನೋ ಚಹದಂಗಡಿಯನ್ನೋ ನಡೆಸುತ್ತಿದ್ದರೆ ಉಪಯೋಗಕ್ಕೆ ಬಂದೀತು. ಮೊದಲನೆಯದು ದೊಡ್ಡ ಕ್ಯಾಲ್ಕುಲೇಟರಿನಂಥ ಮಷೀನು. ಊಟಕ್ಕೆ 1, ರೊಟ್ಟಿಗೆ 2, ಮಜ್ಜಿಗೆಗೆ 3 ಎಂದು ಮೊದಲೇ ತುಂಬಿಸಿಟ್ಟು ಗುಂಡಿ ಒತ್ತಿದರೆ ಎರಡಿಂಚು ಅಗಲದ ಚೀಟಿ ಹೊರಗೆ ಬರುತ್ತದೆ. ಇಂಟರ್‌ನೆಟ್ಟು ಬೇಕಾಗಿಲ್ಲ. ಎರಡನೆಯದು ಮೊಬೈಲಿನಲ್ಲೋ ಟ್ಯಾಬಿನಲ್ಲೋ ಹಾಕಿಕೊಳ್ಳುವ ಆ್ಯಪು, ಜೊತೆಗೊಂದು ಪುಟ್ಟ ಪ್ರಿಂಟರು. ಮೂರನೆಯದು ಕಂಪ್ಯೂಟರಿನ ಮೇಲೆ ನಡೆಯುವ ಪೂರ್ತಿ ವ್ಯವಸ್ಥೆ. ಅಹಮದಾಬಾದಿನ ಪೆಟ್‌ಪೂಜಾದಂಥ ಕಂಪನಿಗಳು ಇವನ್ನು ದೇಶದ ತುಂಬ ಮಾರುತ್ತವೆ. ಮೇಜಿನ ಹತ್ತಿರ ಹೇಳಿದ್ದು ಅಡಿಗೆಮನೆಯಲ್ಲಿ ಚೀಟಿಯಾಗಿ ಬೀಳುತ್ತದೆ, ಗೋದಾಮಿನಲ್ಲಿ ಎಷ್ಟು ಎಣ್ಣೆ ಉಳಿಯಿತು ಎಂಬುದೂ ತಿಳಿಯುತ್ತದೆ, ಮಾಲೀಕರು ಬೇರೆ ಊರಲ್ಲಿ ಕುಳಿತೇ ಗಲ್ಲಾ ನೋಡಬಹುದು. ಆ್ಯಪಿಗೂ ಕಂಪ್ಯೂಟರಿನದಕ್ಕೂ ಸಾಮಾನ್ಯವಾಗಿ ವರ್ಷವರ್ಷ ಹಣ ಕಟ್ಟಬೇಕು.

ಎಂಟು ಮೇಜಿಗೆ ಯಾವುದು ಸಾಕು ಎಂಬುದು ಸುಲಭದ ಲೆಕ್ಕ. ಅವ್ವನ ಪ್ರಶ್ನೆ ಸುಲಭದ್ದಾಗಿರಲಿಲ್ಲ.

ನನ್ನ ನೌಕರಿ ಕಳೆದದ್ದು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ. ನಾಲ್ಕೂ 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯವು, ಆದರೆ ಒಂದೊಂದು ಊರಿನ ಗಲ್ಲಾದ ನಡವಳಿಕೆ ಒಂದೊಂದು. ಶಿಗ್ಗಾವಿ ಪುಣೆ-ಬೆಂಗಳೂರು ಹೆದ್ದಾರಿಯ ಊರು. ಅಲ್ಲಿ ಇವತ್ತು ಉಂಡವರು ನಾಳೆ ಇನ್ನೆಲ್ಲೋ ಇರುತ್ತಾರೆ. ಹೀಗಾಗಿ ರಸ್ತೆಯ ಮೇಲಿನ ಹೋಟೆಲುಗಳಲ್ಲಿ ಮೊದಲು ಹಣ, ಆಮೇಲೆ ಕೂಪನ್ನು, ಆಮೇಲೆ ತಾಟು. ಮುಖ ಗೊತ್ತಿಲ್ಲದ ಕಡೆ ಕಾಗದ ಮುಖದ ಕೆಲಸ ಮಾಡುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ.

ಹಿರೇಕೆರೂರಿನಲ್ಲಿ ನಾನು ಕಂಡದ್ದು ತಿಂಗಳ ಊಟದ ಪದ್ಧತಿ. ಪರಊರಿನಿಂದ ಬಂದ ನೌಕರರು, ಕಾಲೇಜು ಹುಡುಗರು ತಿಂಗಳಿಗೆ ಇಷ್ಟು ಎಂದು ಕಟ್ಟುತ್ತಿದ್ದರು. ಗೋಡೆಗೆ ತೂಗುಹಾಕಿದ ವಹಿಯಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಗೀಟು ಎಳೆಯಬೇಕು. ಊರಿಗೆ ಹೋದ ದಿನ ಗೀಟಿಲ್ಲ, ಆ ದಿನದ ಹಣ ಮುಂದಿನ ತಿಂಗಳಿಗೆ ಜಮೆ. ವಹಿಗೆ ಕಟ್ಟಿದ ಪೆನ್ಸಿಲು ಯಾರ ಕೈಗಾದರೂ ಎಟುಕುತ್ತಿತ್ತು.

ಸವಣೂರಿನಲ್ಲಿ ನೋಡಬೇಕಾದದ್ದು ಖಾರದ ಅಂಗಡಿಗಳ ತಕ್ಕಡಿ. ಸವಣೂರ ಖಾರ ತಿನ್ನದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಪಾವು ಕಿಲೋ ತೂಗಿ, ಮುಳ್ಳು ನೆಟ್ಟಗಾದ ಮೇಲೆ, ಅಂಗಡಿಯವರು ಮೇಲೊಂದು ಚಿಟಿಕೆ ಹಾಕುತ್ತಿದ್ದರು. ಅದಕ್ಕೆ ಕೊಸರು ಎನ್ನುತ್ತೇವೆ. ತೂಕ ನ್ಯಾಯದ್ದು, ಕೊಸರು ಪ್ರೀತಿಯದ್ದು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಕೊಸರಿಗೂ ಗ್ರಾಮು ಕಾಣತೊಡಗಿತು. 250 ಇದ್ದದ್ದು 262 ಎಂದು ಕೆಂಪು ಅಂಕಿಯಲ್ಲಿ ಬೆಳಗುತ್ತದೆ. ಆ ಅಂಕಿಯನ್ನು ಕಂಡ ಕೈ ಒಂದು ಕ್ಷಣ ತಡೆಯುತ್ತದೆ. ಅಂಗಡಿಯವರ ಮನಸ್ಸು ಸಣ್ಣದಾಗಿದ್ದಲ್ಲ. ತಾವು ಕೊಡುತ್ತಿರುವುದು ಎಷ್ಟು ಎಂದು ಅವರಿಗೆ ಮೊದಲ ಸಲ ಕಾಣಿಸಿತು, ಅಷ್ಟೆ.

ಈ ಕ್ಷಣವೇ ನನ್ನನ್ನು ಬಹಳ ದಿನ ಕಾಡಿತು. ಎಷ್ಟು ಎಂದು ತಿಳಿದ ಮೇಲೂ ಕೊಡುವುದು ಒಳ್ಳೆಯದೋ, ತಿಳಿಯದೆ ಕೊಡುವುದೋ? ನಮ್ಮ ಹಿರಿಯರು ಎಣಿಸದೆ ಕೊಡಬೇಕು ಎಂದರು. ರಾಶಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ "ಒಂದು" ಎನ್ನದೆ "ಲಾಭ" ಎನ್ನುವ ರೂಢಿ ನಮ್ಮದು. ಹಾಗಿದ್ದರೆ ಮಷೀನು ಕೊಡುವ ಕೈಗೆ ಶತ್ರುವೇ?

ಈ ಮಷೀನು ಹುಟ್ಟಿದ ಕಥೆ ಕೇಳಿದರೆ ಹೌದು ಎನ್ನಿಸುತ್ತದೆ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಜೇಮ್ಸ್ ರಿಟ್ಟಿ ಎಂಬವನು ಸಾರಾಯಿ ಅಂಗಡಿ ಇಟ್ಟಿದ್ದ. ಕೆಲಸದವರು ಗಲ್ಲಾದಿಂದ ಹಣ ಹಾರಿಸುತ್ತಾರೆ ಎಂಬ ಚಿಂತೆಯಲ್ಲಿ ಸೊರಗಿ, ಆರೋಗ್ಯ ಸುಧಾರಿಸಲೆಂದು ಹಡಗು ಹತ್ತಿದನಂತೆ. ಹಡಗಿನ ಯಂತ್ರದ ಕೋಣೆಯಲ್ಲಿ ಪಂಕ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಒಂದು ಸಾಧನವನ್ನು ಕಂಡ. ಸುತ್ತು ಎಣಿಸುವುದಾದರೆ ದುಡ್ಡನ್ನು ಏಕೆ ಎಣಿಸಬಾರದು? ಊರಿಗೆ ಬಂದು ಸೋದರನ ಜೊತೆ ಸೇರಿ 1879ರಲ್ಲಿ ಗಲ್ಲಾದ ಮಷೀನಿಗೆ ಪೇಟೆಂಟ್ ಪಡೆದ. ಅದಕ್ಕೆ ಅವನು ಇಟ್ಟ ಹೆಸರಿನ ಅರ್ಥ 'ಆಸೆಗೆ ಬೀಳದ ಗುಮಾಸ್ತ' ಎಂದು. ಮುಂದೆ 1884ರಲ್ಲಿ ಜಾನ್ ಪ್ಯಾಟರ್‌ಸನ್ ಎಂಬವನು ಆ ಕಾರಖಾನೆಯನ್ನು ಕೊಂಡು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಮಾಡಿದ. ಮಷೀನಿಗೆ ಹಣದ ಡ್ರಾವರು ಸೇರಿತು, ತೆರೆದರೆ ಬಾರಿಸುವ ಗಂಟೆ ಸೇರಿತು. ಮಾಲೀಕ ಎಲ್ಲಿದ್ದರೂ ಗಂಟೆ ಕೇಳಬೇಕು ಎಂಬುದು ಲೆಕ್ಕಾಚಾರ. ಇಂದು ನಮ್ಮ ಊರಿಗೆ ಬಂದಿರುವ ಎಲ್ಲ ಬಿಲ್ಲಿನ ಮಷೀನುಗಳ ಮುತ್ತಜ್ಜ ಇದೇ. ಸಂಶಯದ ಹೊಟ್ಟೆಯಲ್ಲಿ ಹುಟ್ಟಿದ್ದು.

ಆದರೆ ಸಂಶಯ ಮಷೀನಿಗಿಂತ ಹಳೆಯದು. ಮಷೀನಿಲ್ಲದ ಕಡೆಯೂ ಅದು ಇರುತ್ತದೆ, ಸಾಕ್ಷಿಯಿಲ್ಲದೆ ಇರುತ್ತದೆ. ನನಗೆ ಗೊತ್ತಿರುವ ಒಂದು ಖಾನಾವಳಿಯ ಮಾತು ಹೇಳುತ್ತೇನೆ. ಊರು ಯಾವುದೆಂದು ಹೇಳುವುದು ಬೇಡ. ಅಲ್ಲಿಗೆ ದಿನವೂ ಮುಂಜಾನೆ ರೊಟ್ಟಿ ಮಾಡುವ ಹೆಂಗಸರಿಂದ ಎಣಿಸಿದ ರೊಟ್ಟಿ ಬರುತ್ತಿತ್ತು. ರಾತ್ರಿ ಉಳಿದ ರೊಟ್ಟಿ ಎಣಿಸಿ, ಬಂದ ಹಣದೊಡನೆ ತಾಳೆ ಹಾಕಿದರೆ ಹತ್ತು ಹನ್ನೆರಡು ರೊಟ್ಟಿ ಕಡಿಮೆ ಬೀಳುತ್ತಿದ್ದವು. ವಾರಗಟ್ಟಲೆ ಹೀಗಾಯಿತು. ಯಜಮಾನರು ಬಡಿಸುವ ಹುಡುಗನ ಮೇಲೆ ಕಣ್ಣಿಟ್ಟರು, ಪಗಾರದಲ್ಲಿ ಮುರಿದುಕೊಂಡರು, ಕೊನೆಗೆ ಕಳ್ಳ ಎಂದು ಕರೆದು ಹೊರಗೆ ಹಾಕಿದರು. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗ. ಆ ಹೆಸರು ಅಂಟಿಕೊಂಡ ಮೇಲೆ ಆ ಊರಿನ ಯಾವ ಹೋಟೆಲಿನಲ್ಲೂ ಅವನಿಗೆ ಕೆಲಸ ಸಿಗಲಿಲ್ಲ.

ರೊಟ್ಟಿ ಕೊಟ್ಟವರು ಯಜಮಾನರ ಹೆಂಡತಿ. ಹಿತ್ತಿಲ ಬಾಗಿಲಿಗೆ ಬರುವ ಮೂರು ನಾಲ್ಕು ಜನಕ್ಕೆ ಗಂಡನಿಗೆ ತಿಳಿಯದಂತೆ ಕೊಡುತ್ತಿದ್ದರು. ಹುಡುಗನ ಮೇಲೆ ಆಪಾದನೆ ಬಂದಾಗ ಅವರು ಬಾಯಿ ಬಿಡಲಿಲ್ಲ. ಬಿಟ್ಟರೆ ಮನೆಯಲ್ಲಿ ಏನಾಗುತ್ತಿತ್ತೆಂದು ಅವರಿಗೇ ಗೊತ್ತು. ಎಷ್ಟೋ ವರ್ಷಗಳ ಮೇಲೆ, ಗಂಡ ಇಲ್ಲವಾದ ಮೇಲೆ, ನನ್ನೆದುರು ಹೇಳಿಕೊಂಡು ಅತ್ತರು. "ನಾ ಪುಣ್ಯ ಮಾಡಿದೆ ಅಂದ್ಕೊಂಡೆ. ಅದರ ಹಣ ಆ ಹುಡುಗ ಕಟ್ಟಿದ" ಎಂದರು.

ಆ ಮಾತಿನ ಮೇಲೆ ನಾನು ಹೆಚ್ಚಿಗೆ ಸೇರಿಸುವುದೇನೂ ಇಲ್ಲ. ಗಲ್ಲಾಕ್ಕೆ ಕಣ್ಣಿಲ್ಲ. ಬಚ್ಚಿಟ್ಟು ಕೊಟ್ಟದ್ದು, ಕದ್ದೊಯ್ದದ್ದು ಎರಡೂ ಅದಕ್ಕೆ ಒಂದೇ ಥರ ಕಾಣುತ್ತವೆ. ಎರಡೂ ಕಡೆ ಹನ್ನೆರಡು ರೊಟ್ಟಿ ಕಡಿಮೆ. ಆ ಕೊರತೆಯ ಭಾರ ಯಾರ ಮೇಲಾದರೂ ಬೀಳಲೇಬೇಕು. ಅದು ಬೀಳುವುದು ಯಾವಾಗಲೂ ಎದುರು ಮಾತಾಡಲಾರದವರ ಮೇಲೆ.

ನಮ್ಮ ಮನೆಗಳಲ್ಲೂ ಇದು ಗೊತ್ತಿಲ್ಲದ್ದೇನಲ್ಲ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡದ ಹೆಣ್ಣು ಯಾರು? ಆ ದುಡ್ಡಿನಿಂದ ತವರಿನ ತಂಗಿಗೆ ಸೀರೆ ಹೋಗಿದೆ, ಮಗಳ ಫೀಜು ಹೋಗಿದೆ, ಓಣಿಯ ಬಾಣಂತಿಗೆ ಕೊಬ್ಬರಿ ಹೋಗಿದೆ. ಕೈಗೆ ಅಧಿಕಾರವಿಲ್ಲದವರು ಬಚ್ಚಿಟ್ಟೇ ಕೊಡಬೇಕಾಗುತ್ತದೆ. ಅದನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆದರೆ ಮನೆಯಲ್ಲಿ ಹಣ ಕಾಣದಾದಾಗ ಮೊದಲು ನೋಡುವುದು ಪಾತ್ರೆ ತಿಕ್ಕುವವಳ ಸೆರಗನ್ನು ಎಂಬುದೂ ನಮಗೆಲ್ಲ ಗೊತ್ತಿದೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಆ ಅಕ್ಕಿಯಲ್ಲೇ ಗಂಡಹೆಂಡತಿ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಅಡಿಗೆಗೆ ಹಾಕಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಚೆಲ್ಲಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಮಕ್ಕಳಿಗೆ ಆಸೆ ಬಿಡಬೇಕೆಂಬ ನೀತಿಗಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಹೆಚ್ಚು ಎಂದು ತಿಳಿಯಬೇಕಾದರೆ ದಿನಕ್ಕೆ ಎಷ್ಟು ಎಂಬುದು ಅವಳಿಗೆ ಗೊತ್ತಿರಲೇಬೇಕು. ಆ ಮನೆಯಲ್ಲಿ ಅಳತೆ ಇತ್ತು. ಇದ್ದದ್ದು ಹೆಂಡತಿಯ ಕೈಯಲ್ಲಿ. ದಾಸೋಹ ನಡೆಸಿದವಳೂ ಅವಳೇ, ಲೆಕ್ಕ ಇಟ್ಟವಳೂ ಅವಳೇ. ಎರಡಕ್ಕೂ ಅವಳಲ್ಲಿ ಜಗಳವಿರಲಿಲ್ಲ.

ಹಾಗಾದರೆ ಕೊಟ್ಟದ್ದನ್ನು ಬರೆಯಬೇಕು. ಆದರೆ ಬರೆದದ್ದು ಕೊಟ್ಟಂತಾದೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಗುಡಿಗಳಲ್ಲಿ ಟ್ಯೂಬ್‌ಲೈಟು ಕೊಟ್ಟವರ ಹೆಸರನ್ನು ಅದೇ ಲೈಟಿನ ಮೇಲೆ ಎಷ್ಟು ದಪ್ಪಗೆ ಬರೆದಿರುತ್ತಾರೆಂದರೆ ಬೆಳಕು ಆ ಅಕ್ಷರಗಳ ಸಂದಿಯಿಂದ ಬರಬೇಕು. ಅದಕ್ಕಿಂತ ಕೆಟ್ಟದ್ದು ಪಡೆದವರ ಹೆಸರು ಬರೆಯುವುದು. ಹಸಿದು ಬಂದವನಿಗೆ ರೊಟ್ಟಿ ಕೊಟ್ಟು, ಕೈಯಲ್ಲಿ "ಉಚಿತ" ಎಂದು ಅಚ್ಚಾದ ಚೀಟಿ ಇಟ್ಟರೆ ಆ ರೊಟ್ಟಿ ಗಂಟಲಲ್ಲಿ ಇಳಿದೀತೇ?

ಇದಕ್ಕೆ ಉತ್ತರ ನಮ್ಮ ಶಾಲೆಯ ಅಡಿಗೆಮನೆಯಲ್ಲೇ ಇದೆ. ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಹೆಸರು ದಾಸೋಹ, ಆದರೆ ಅದರ ವಹಿಯಷ್ಟು ಕಟ್ಟುನಿಟ್ಟಿನ ವಹಿ ಶಾಲೆಯಲ್ಲಿ ಇನ್ನೊಂದಿಲ್ಲ. ಕಿರಿಯ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 6ರಿಂದ 8ನೆಯವರಿಗೆ 150 ಗ್ರಾಂ. ಇಂದು ಎಷ್ಟು ಮಕ್ಕಳು ಉಂಡರು, ಎಷ್ಟು ಅಕ್ಕಿ ಖರ್ಚು, ಎಷ್ಟು ಉಳಿಕೆ. ಇಷ್ಟು ಬರೆದರೂ ಯಾವ ಮಗುವಿಗೂ ತನ್ನ ಅನ್ನ ಲೆಕ್ಕದ್ದು ಎನ್ನಿಸುವುದಿಲ್ಲ. ಏಕೆಂದರೆ ಆ ವಹಿಯಲ್ಲಿ ಇರುವುದು ಎಷ್ಟು ಎಂಬುದು. ಯಾರ ಮನೆಯಲ್ಲಿ ಒಲೆ ಹತ್ತಲಿಲ್ಲ, ಯಾರು ಎರಡು ಸಲ ಹಾಕಿಸಿಕೊಂಡರು ಎಂಬುದು ಅಲ್ಲಿ ಬರುವುದಿಲ್ಲ. ಅಡಿಗೆಯವರಿಗೆ ಅದು ಗೊತ್ತಿರುತ್ತದೆ, ಅವರು ಯಾರ ಮುಂದೂ ಆಡುವುದಿಲ್ಲ.

ನಾನು ಖಾನಾವಳಿ ಅವ್ವನಿಗೆ ಹೇಳಿದ್ದೂ ಇದನ್ನೇ. ಎಷ್ಟು ಎಂದು ಬರೆಯೋಣ, ಯಾರಿಗೆ ಎಂದು ಬರೆಯುವುದು ಬೇಡ. ಚೀಟಿ ಕೊಡುವುದೂ ಬೇಡ. ದಿನದ ಕೊನೆಯ ಲೆಕ್ಕದಲ್ಲಿ ಒಂದು ಸಾಲು ಬಂದರೆ ಸಾಕು. ಅದಕ್ಕೆ ಬೇಕಾದದ್ದು ಸೊನ್ನೆ ದರದ ಒಂದು ಪದಾರ್ಥ. ಇಷ್ಟನ್ನು ಹಿಡಿದುಕೊಂಡು ಮಾರುವವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಒಬ್ಬರು "ಸೊನ್ನಿ ರೇಟು ತೊಗೊಳ್ಳಂಗಿಲ್ರಿ, ಒಂದು ರೂಪಾಯಿ ಹಾಕಿ ಆಮ್ಯಾಲೆ ಕಳೀರಿ" ಎಂದರು. ಇನ್ನೊಬ್ಬರ ಆ್ಯಪು ತೆಗೆದುಕೊಳ್ಳುತ್ತಿತ್ತು.

ಹೀಗೆ ಕೇಳುತ್ತ ಹೋದಂತೆ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಮನುಷ್ಯರ ಮುಖ ಇದೆ ಎಂದು ಕಂಡಿತು. ಕನ್ನಡದಲ್ಲಿ ಬರುತ್ತದೆಯೆ? ಸಣ್ಣ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ಆ್ಯಪು ಕನ್ನಡವನ್ನು ಚಿತ್ರದಂತೆ ಮಾಡಿ ಕಳಿಸಿದರೆ ಮಾತ್ರ ಅಚ್ಚಾಗುತ್ತದೆ. ಇದನ್ನು ಮುಂದೆ ನಿಂತು ಅಚ್ಚು ಹಾಕಿಸಿಯೇ ನೋಡಬೇಕು. ಇಂಗ್ಲಿಷಿನದೇ ಆದರೆ ಇಪ್ಪತ್ತು ವರ್ಷ ಗಲ್ಲಾದ ಮೇಲೆ ಕುಳಿತವರು ತಮ್ಮ ಖಾನಾವಳಿಯ ಲೆಕ್ಕ ತಿಳಿಯಲು ಮಗ ಬರುವ ಭಾನುವಾರ ಕಾಯಬೇಕು. ಮಗ ಒಳ್ಳೆಯವನೇ. ಆದರೂ ಲೆಕ್ಕ ಓದಬಲ್ಲವರ ಕಡೆಗೆ ಯಜಮಾನಿಕೆ ತಾನಾಗಿ ಸರಿಯುತ್ತದೆ. ಬಿಲ್ಲು ರದ್ದು ಮಾಡುವ ಅಧಿಕಾರ ಯಾರಿಗೆ? ರದ್ದಾದದ್ದು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆಯೆ? ಇದು ಬಡಿಸುವ ಹುಡುಗನ ಮುಖ. ರದ್ದಾದ ಬಿಲ್ಲು ಯಾರ ಹೆಸರಿನಲ್ಲಿ ರದ್ದಾಯಿತೆಂದು ಉಳಿದರೆ ನಾಳೆ ಅವನನ್ನು ಸುಮ್ಮನೆ ಕಳ್ಳ ಎನ್ನಲು ಬರುವುದಿಲ್ಲ. ಕರೆಂಟು, ನೆಟ್ಟು ಹೋದಾಗ ನಡೆಯುತ್ತದೆಯೆ? ಮಳೆಗಾಲದ ಹಾನಗಲ್ಲನ್ನು ನೋಡಿದವರು ಈ ಪ್ರಶ್ನೆಯನ್ನು ಮೊದಲೇ ಕೇಳುತ್ತಾರೆ. ವರ್ಷದ ಹಣ ಕಟ್ಟುವುದನ್ನು ನಿಲ್ಲಿಸಿದರೆ ಹಳೆಯ ಲೆಕ್ಕ ನಮ್ಮ ಕೈಗೆ ಬರುತ್ತದೆಯೆ, ಇಲ್ಲ ಅವರಲ್ಲೇ ಉಳಿಯುತ್ತದೆಯೆ? ನಮ್ಮ ವಹಿ ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದರೆ ಕೀಲಿಕೈಯೂ ಅವರದೇ ಆಗುತ್ತದೆ. ಕೊನೆಯದಾಗಿ ಚೀಟಿಯ ಕಾಗದ. ಶಾಯಿಯಿಲ್ಲದೆ ಕಾವಿನಿಂದ ಮೂಡುವ ಆ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ದೀಪಾವಳಿ ಪಾಡ್ಯಕ್ಕೆ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಿದ ಕೆಂಪು ಬಟ್ಟೆಯ ಕಿರ್ದಿ ವಹಿ ಮೊಮ್ಮಕ್ಕಳ ಕಾಲಕ್ಕೂ ಓದಲು ಬರುತ್ತದೆ. ಹಾಗಾಗಿ ದಿನದ ಮೊತ್ತವನ್ನು ವಹಿಯಲ್ಲಿ ಕೈಯಿಂದ ಬರೆಯುವುದನ್ನು ಬಿಡಬೇಡಿ ಎಂದೆ.

ಇಷ್ಟೆಲ್ಲ ಬೇಕೆ, ಹಳೆಯ ಹಾಗೆ ನಡೆದರೆ ಸಾಲದೆ ಎಂದು ಅವ್ವನೂ ಒಮ್ಮೆ ಕೇಳಿದರು. ಹಳೆಯ ಹಾಗೆ ನಡೆಯುವ ಕಾಲ ಆಗಲೇ ಕಳೆದಿದೆ. ಮೊಬೈಲಿನಿಂದ ಹಣ ಬರತೊಡಗಿದ ದಿನದಿಂದ ನಾವು ಬರೆಯಲಿ ಬಿಡಲಿ, ಒಂದು ಲೆಕ್ಕ ಎಲ್ಲೋ ಬರೆಯಲ್ಪಡುತ್ತಿದೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಹಣದ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುವ ಹಾಳೆಯನ್ನೇ ಕಿತ್ತುಹಾಕಿದರು. ಖಾತೆಗೆ ಬಂದದ್ದರಲ್ಲಿ ವ್ಯಾಪಾರದ್ದೆಷ್ಟು, ಅಳಿಯ ಕಳಿಸಿದ ಕೈಗಡವೆಷ್ಟು ಎಂದು ಬಿಡಿಸಿ ತೋರಿಸಲು ಸ್ವಂತ ವಹಿ ಇಲ್ಲದವರಿಗೆ ಬಹಳ ಕಷ್ಟ. ನಮ್ಮದೇ ಲೆಕ್ಕ ಇಲ್ಲದಿದ್ದರೆ ಇನ್ನೊಬ್ಬರು ಬರೆದ ಲೆಕ್ಕದಿಂದಲೇ ನಮ್ಮ ನ್ಯಾಯ ತೀರುತ್ತದೆ.

ಹೋಟೆಲಿನ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನಕ್ಕೆ ಭಾಗಿಸಿದರೆ 5,479 ರೂಪಾಯಿ. ಊಟಕ್ಕೆ 80 ರೂಪಾಯಿ ಹಿಡಿದರೆ ಸುಮಾರು 68 ಊಟ. ತಾನು ಇದರ ಈಚೆಗಿದ್ದೇನೋ ಆಚೆಗಿದ್ದೇನೋ ಅವ್ವನಿಗೇ ಗೊತ್ತಿರಲಿಲ್ಲ. ದಾಟಿದವರಿಗೆ ಕಾಂಪೋಸಿಷನ್ ಎಂಬ ಸರಳ ಪದ್ಧತಿಯಿದೆ. ಒಂದೂವರೆ ಕೋಟಿಯವರೆಗಿನ ಹೋಟೆಲುಗಳು ಶೇಕಡಾ 5 ಕಟ್ಟಿದರೆ ಸಾಕು. ಆದರೆ ಆ ತೆರಿಗೆಯನ್ನು ಗಿರಾಕಿಯ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡುವಂತಿಲ್ಲ. ಮಷೀನಿನಲ್ಲಿ ತೆರಿಗೆಯ ಸಾಲು ತೆಗೆದುಹಾಕಲು ಬರಬೇಕು ಎಂಬುದೂ ನಮ್ಮ ಪಟ್ಟಿಗೆ ಸೇರಿತು.

ಖರ್ಚಿನ ಕಡೆ ತುಂಬಿಸುವಾಗ ಜೋಳ, ಎಣ್ಣೆ, ಗ್ಯಾಸು, ಬಾಡಿಗೆ, ಇಬ್ಬರು ಕೆಲಸದವರ ಪಗಾರ ಎಲ್ಲ ಬಂತು. "ನಿಮ್ಮ ಪಗಾರ?" ಎಂದೆ. ಅವರು ನಕ್ಕುಬಿಟ್ಟರು. "ನನಗ ನಾನ ಪಗಾರ ಕೊಡೋದೇನ್ರಿ ಅಕ್ಕಾರ?" ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವವರು. ಅವರ ಖಾನಾವಳಿಯಲ್ಲಿ ಲೆಕ್ಕಕ್ಕೆ ಬಾರದೆ ಹೋದದ್ದರಲ್ಲಿ ಎಲ್ಲಕ್ಕೂ ದೊಡ್ಡದು ಅವರದೇ ದುಡಿಮೆ. ಬರೆಯದಿದ್ದರಿಂದಲೇ ಖಾನಾವಳಿಯಲ್ಲಿ ಲಾಭ ಇದೆ ಎಂದು ಕಾಣುತ್ತಿತ್ತು, ಮಗನಿಗೆ ಊಟದ ದರ ಕಡಿಮೆ ಇದೆ ಎಂದು ಅನ್ನಿಸುತ್ತಲೂ ಇರಲಿಲ್ಲ. ಒಂದು ಮೊತ್ತ ಹಾಕಿದೆವು. ಲಾಭ ಅರ್ಧಕ್ಕೆ ಇಳಿಯಿತು. ಅವರು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತ ಕುಳಿತರು. ಮುಂದಿನ ತಿಂಗಳಿಂದ ಊಟಕ್ಕೆ ಹತ್ತು ರೂಪಾಯಿ ಹೆಚ್ಚಿಸಿದರು.

ಕೊಂಡದ್ದು ಎರಡನೆಯ ಬಗೆಯದು. ಟ್ಯಾಬು, ಎರಡಿಂಚಿನ ಪ್ರಿಂಟರು, ಕನ್ನಡದಲ್ಲಿ ಪದಾರ್ಥಗಳ ಹೆಸರು. ಸೊನ್ನೆ ದರದ ಪದಾರ್ಥಕ್ಕೆ ಹೆಸರು ಬೇಕಾಯಿತು. ದಾಸೋಹ ಎಂದು ಹಾಕೋಣವೇ ಎಂದೆ.

"ಅದು ದೊಡ್ಡ ಮಾತಾತ್ರಿ. ಮನಿ ರೊಟ್ಟಿ ಅಂತ ಹಾಕ್ರಿ" ಎಂದರು.

ಇದನ್ನು ಒತ್ತುವ ಅಧಿಕಾರ ಯಾರಿಗೆ ಎಂದು ಆ್ಯಪು ಕೇಳಿತು. ಮಾಲೀಕರಿಗೆ ಮಾತ್ರವೋ, ಕೆಲಸದವರಿಗೂ ಉಂಟೋ? ಮಗ ಫೋನಿನಲ್ಲಿ ಮಾಲೀಕರಿಗೆ ಮಾತ್ರ ಎಂದ. ಅದೇ ಸರಿ ಎಂದು ನನಗೂ ಅನ್ನಿಸಿತ್ತು. ಅವ್ವ ಒಪ್ಪಲಿಲ್ಲ. "ಬಡಸಾಂವ ಅಂವ. ಯಾರ ತಾಟು ಖಾಲಿ ಅದ ಅಂತ ಅವಗ ಮೊದಲ ಕಾಣತೈತಿ. ಅವನೂ ಒತ್ತಲಿ" ಎಂದರು.

ಕೊಡುವುದು ಉಳ್ಳವರ ಹಕ್ಕು ಎಂದು ನಾವು ತಿಳಿದುಕೊಂಡಿರುತ್ತೇವೆ. ಪಗಾರಕ್ಕೆ ದುಡಿಯುವವನಿಗೂ ಒಂದು ರೊಟ್ಟಿ ಕೊಡಬೇಕೆನ್ನಿಸಬಹುದು, ಕೊಟ್ಟು ತಲೆಯೆತ್ತಿ ನಿಲ್ಲುವ ಅವಕಾಶ ಅವನಿಗೂ ಇರಬೇಕು ಎಂಬುದು ಮೂರು ಕಾಗದಗಳಲ್ಲೂ ಇರಲಿಲ್ಲ. ಈಗ ಆ ಖಾನಾವಳಿಯಲ್ಲಿ ರಾತ್ರಿ ಬಾಗಿಲು ಹಾಕುವಾಗ ಹುಡುಗನೇ ಚೀಟಿ ತೆಗೆದು ಗಟ್ಟಿಯಾಗಿ ಓದುತ್ತಾನೆ. ಊಟ ಇಷ್ಟು, ಹೆಚ್ಚಿನ ರೊಟ್ಟಿ ಇಷ್ಟು, ಮಜ್ಜಿಗೆ ಇಷ್ಟು, ಮನಿ ರೊಟ್ಟಿ ಇಷ್ಟು. ಅವ್ವ ಅದನ್ನು ಕೆಂಪು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಮನಿ ರೊಟ್ಟಿ ಕೆಲವು ದಿನ ಎರಡು, ಸಂತೆಯ ದಿನ ಹದಿನೈದರ ಮೇಲೆ. ಯಾರು ಕೊಟ್ಟರು, ಯಾರು ಉಂಡರು ಎಂದು ಯಾರೂ ಕೇಳುವುದಿಲ್ಲ.